ರತ್ನಪುರದಲ್ಲೇ ಕೊಂಡರೆ ನೀಲ ಅಸಲಿಯೇ?

ಪ್ರಶ್ನೆ: ಅಡಿಕೆ ಕೊಯ್ಲು ಮುಗಿಸಿ ಮನೆಮಂದಿಯೆಲ್ಲ ಶ್ರೀಲಂಕಾಗೆ ಹೊರಟಿದ್ದೇವೆ. ಅಲ್ಲಿನ ರತ್ನಪುರದಲ್ಲಿ ನೀಲದ (ನೀಲಿ ರತ್ನ, ಸಫೈರ್) ಗಣಿ ನೋಡುವ ಆಸೆ. ಮಗಳಿಗೊಂದು ಹರಳನ್ನೂ ತರಬೇಕು. ಹರಳು ಹುಟ್ಟಿದ ಊರಲ್ಲೇ ಕೊಂಡರೆ ಮೋಸ ಇರಲಾರದು, ಅಲ್ಲವೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಗಣಿ ನೋಡಲು ಖಂಡಿತ ಹೋಗಿ. ಆದರೆ ಊರಿನ ಹೆಸರು ನಂಬಿ ಹರಳು ಕೊಳ್ಳಬೇಡಿ.

ಹೊರಡುವ ಕಾಲ ಸರಿಯಾಗಿದೆ. ರತ್ನಪುರಕ್ಕೂ ನಮ್ಮ ಹಾಗೆ ನೈಋತ್ಯ ಮುಂಗಾರಿನದೇ ದೊಡ್ಡ ಮಳೆ. ಮೇ ಕೊನೆಗೆ ಗುಂಡಿಗಳಿಗೆ ನೀರು ನುಗ್ಗುತ್ತದೆ. ಜನವರಿಯಿಂದ ಮಾರ್ಚ್ ಒಳ್ಳೆಯದು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ರತ್ನಪುರ ಸುಮಾರು 100 ಕಿ.ಮೀ.

ಅಲ್ಲಿಯ ಗಣಿ ಎಂದರೆ ಬಂಡೆ ಸಿಡಿಸುವ ಜಾಗವಲ್ಲ, ಗದ್ದೆಯಲ್ಲೋ ತೋಟದಂಚಿನಲ್ಲೋ ತೋಡಿದ ಚೌಕ ಬಾವಿ. ಬೆಟ್ಟದ ಕಲ್ಲು ಸವೆದು, ಹಳೆಯ ಹೊಳೆಗಳು ತಂದು ಹಾಸಿದ ಗರಸಿನ ಪದರ ಮಣ್ಣಿನಡಿ ಇರುತ್ತದೆ. ಸಿಂಹಳದಲ್ಲಿ ಅದು ‘ಇಲ್ಲಂ’. ಕೆಲವೆಡೆ ಒಂದೆರಡು ಮೀಟರಿಗೇ ಸಿಗುತ್ತದೆ, ಕೆಲವೆಡೆ ಇಪ್ಪತ್ತು ಮೀಟರ್ ಇಳಿಯಬೇಕು. ಗೋಡೆ ಕುಸಿಯದಂತೆ ಮರದ ಗಳುಗಳನ್ನು ಅಡ್ಡ ಕೊಟ್ಟು, ಹಿಂದೆ ಜರಿಗಿಡದ ಸೊಪ್ಪನ್ನು ಒತ್ತಿ ತುಂಬುತ್ತಾರೆ. ನೀರು ಜಿನುಗಿ ಹೋಗುತ್ತದೆ, ಮಣ್ಣು ನಿಲ್ಲುತ್ತದೆ.

ಮೇಲೆತ್ತಿದ ಗರಸನ್ನು ಬುಟ್ಟಿಗೆ ಹಾಕಿ, ನೀರಲ್ಲಿ ಗರಗರ ತಿರುಗಿಸುತ್ತಾರೆ. ಅಕ್ಕಿ ಜಾಲಿಸುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನೀಲ ನೀರಿಗಿಂತ 4 ಪಟ್ಟು ಭಾರ, ಬೆಣಚುಕಲ್ಲು 2.65 ಪಟ್ಟು ಮಾತ್ರ. ಹಗುರವಾದದ್ದು ಅಂಚು ದಾಟಿ ಹೋಗುತ್ತದೆ, ಭಾರದ್ದು ತಳದಲ್ಲಿ ಉಳಿಯುತ್ತದೆ. ಕೊನೆಗೆ ಬುಟ್ಟಿಯನ್ನು ಬಿಸಿಲಿಗೆ ಓರೆ ಮಾಡಿ ಅಂಗೈಯಲ್ಲಿ ಸವರುತ್ತಾ ಹುಡುಕುತ್ತಾರೆ. ಆ ಕ್ಷಣವನ್ನು ಮಕ್ಕಳಿಗೆ ತೋರಿಸಲೇಬೇಕು. ಒರಟು ನೀಲ ಮಿನುಗುವುದಿಲ್ಲ, ಹೊಳೆಯಲ್ಲಿ ಉರುಳಿದ ಮಬ್ಬು ಗಾಜಿನ ಚೂರಿನಂತಿರುತ್ತದೆ. ಬೆಳಕಿಗೆ ಹಿಡಿದಾಗಷ್ಟೇ ಒಳಗಿನ ನೀಲಿ ಎದ್ದು ಬರುತ್ತದೆ.

ಇನ್ನು ಕೊಳ್ಳುವ ವಿಚಾರ. ಅಲ್ಯೂಮಿನಾ (ಮಾಣಿಕ್ಯಕ್ಕೂ ನೀಲಕ್ಕೂ ಮೂಲವಾದ ಅಲ್ಯೂಮಿನಿಯಂ ಆಕ್ಸೈಡ್) ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ವೆರ್ನ್ಯೂಯಿ 1902ರಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ಹತ್ತು ವರ್ಷದಲ್ಲಿ ನೀಲವೂ ಹಾಗೆಯೇ ತಯಾರಾಯಿತು. ಇಂಥ ಹರಳು ಗಣಿಯ ಬಾಯಲ್ಲೂ ಮಾರಾಟಕ್ಕೆ ಬರಬಹುದು. ಗಾಜಿನ ಮೇಲೆ ಗೀಚಿ ತೋರಿಸಿದರೆ ಒಪ್ಪಬೇಡಿ: ಸಹಜ ನೀಲದಂತೆ ಕೃತಕ ನೀಲದ ಗಡಸುತನವೂ ಮೊಹ್ಸ್ ಮಾಪಕದಲ್ಲಿ 9, ಸಾಂದ್ರತೆಯೂ ನೀರಿನ 4 ಪಟ್ಟು. ಗೀಚುವುದು, ನೀರಲ್ಲಿ ತೂಗುವುದು ಗಾಜನ್ನು ಹಿಡಿದುಕೊಡುತ್ತವೆ, ಕೃತಕವನ್ನಲ್ಲ.

ನೋಡಬೇಕಾದದ್ದು ಒಳಗಿನ ಗೆರೆ. ಬಿಳಿ ಬಟ್ಟಲಿಗೆ ನೀರು ಹಾಕಿ, ಹರಳು ಮುಳುಗಿಸಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ (ರತ್ನ ನೋಡುವ ಪುಟ್ಟ ಭೂತಗನ್ನಡಿ) ಹಿಡಿಯಿರಿ. ನೆಲದಲ್ಲಿ ಬೆಳೆದ ನೀಲದ ಬಣ್ಣದ ಪಟ್ಟಿಗಳು ನೇರ, ಕೂಡುವಲ್ಲಿ ಕೋನ ಮಾಡುತ್ತವೆ. ಜ್ವಾಲೆಯಲ್ಲಿ ಬೆಳೆದದ್ದರಲ್ಲಿ ಗೆರೆಗಳು ಬಾಗಿರುತ್ತವೆ, ಕೆಲವೊಮ್ಮೆ ದುಂಡನೆಯ ಗುಳ್ಳೆಗಳೂ ಇರುತ್ತವೆ. ಗೆರೆಯೇ ಕಾಣದಿದ್ದರೆ ಅಸಲಿ ಎಂದು ತೀರ್ಮಾನಿಸಬೇಡಿ. ಹರಳನ್ನು ಪಕ್ಕದಿಂದಲೂ ನೋಡಿ: ಲಂಕೆಯ ಎಷ್ಟೋ ಹರಳುಗಳಲ್ಲಿ ನೀಲಿಯೆಲ್ಲ ತಳದ ಒಂದು ಚುಕ್ಕೆಯಲ್ಲಿ ಸೇರಿರುತ್ತದೆ. ಮೇಲಿಂದ ತುಂಬು ಬಣ್ಣ, ಪಕ್ಕದಿಂದ ನೀರಿನಂತೆ ಬಣ್ಣವೇ ಇಲ್ಲ. ಅದು ನಕಲಿಯಲ್ಲ, ಕುಶಲ ಕತ್ತರಿಕೆ.

ಬಿಸಿ ಮಾಡಿದ ನೀಲದ ಬಗ್ಗೆಯೂ ಕೇಳಿ. ಹಾಲಿನಂತೆ ಮಬ್ಬಾದ ‘ಗೇವುಡ’ ಕಲ್ಲನ್ನು ಒಂದು ಕಾಲಕ್ಕೆ ಎಸೆಯುತ್ತಿದ್ದರು. 1970ರ ದಶಕದಲ್ಲಿ ಥಾಯ್ ವ್ಯಾಪಾರಿಗಳು ಅದನ್ನು 1500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ ನೀಲಿ ಬರಿಸಿದರು. ಒಳಗಿದ್ದ ಟೈಟಾನಿಯಂ ಕರಗಿ ಕಬ್ಬಿಣದ ಜೊತೆ ಸೇರಿದಾಗ ಆ ಬಣ್ಣ ಹುಟ್ಟುತ್ತದೆ. ಇದು ಸಹಜ ಹರಳೇ, ಬಣ್ಣವೂ ಉಳಿಯುತ್ತದೆ. ಬಿಸಿ ಕಾಣದ ಹರಳಿನ ಬೆಲೆ ಮಾತ್ರ ಕೊಡಬಾರದು. ಈ ವ್ಯತ್ಯಾಸ ಕಣ್ಣಿಗೆ ಸಿಗುವುದು ಕಷ್ಟ. ಆದ್ದರಿಂದ ಕೊಲಂಬೊದ ರಾಷ್ಟ್ರೀಯ ರತ್ನ ಮತ್ತು ಆಭರಣ ಪ್ರಾಧಿಕಾರದಂಥ ಕಡೆ ಪರೀಕ್ಷೆ ಮಾಡಿಸಿ, ವರದಿ ಬಂದ ಮೇಲೆಯೇ ಪೂರ್ತಿ ಹಣ ಕೊಡಿ. ವರದಿಯಲ್ಲಿ ಮೂರು ಮಾತು ಸ್ಪಷ್ಟವಿರಲಿ: ಸಹಜವೇ, ಬಿಸಿ ಮಾಡಿದ್ದೇ, ತೂಕ ಎಷ್ಟು ಕ್ಯಾರಟ್. ರಸೀದಿ ಇಟ್ಟುಕೊಂಡು ವಿಮಾನ ನಿಲ್ದಾಣದಲ್ಲಿ ಘೋಷಿಸಿ.

ಅಲ್ಲೇ ಉಂಗುರಕ್ಕೆ ಕೂರಿಸಿಕೊಡುತ್ತೇವೆ ಎಂದರೆ ಬೇಡ ಎನ್ನಿ. ಕೂರಿಸಿದ ಮೇಲೆ ತೂಕ ಸಿಗುವುದಿಲ್ಲ, ತಳವೂ ಮುಚ್ಚಬಹುದು. ಬಿಡಿ ಹರಳನ್ನೇ ತನ್ನಿ. ಕಟ್ಟಿಸುವ ಕೆಲಸ ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ, ನಿಮ್ಮ ಕಣ್ಣೆದುರೇ.