ದಾರ ಸುಟ್ಟು ನೋಡಿದರೆ ಮಗ್ಗ ತಿಳಿಯುವುದಿಲ್ಲ

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ಇಳಕಲ್ ಸೀರೆ ಕೊಂಡೆ. ಅಂಗಡಿಯವರು ಒಂದು ಎಳೆ ಕಿತ್ತು ಸುಟ್ಟು ತೋರಿಸಿದರು, ಬೂದಿಯಾಯಿತು. ಹಾಗಾದರೆ ಇದು ಕೈಮಗ್ಗದ್ದೇ ತಾನೇ?

ಶ್ರಾವಣ ಬಂದರೆ, ಮದುವೆಯ ದಿನಗಳು ಶುರುವಾದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ಬೆಂಕಿಕಡ್ಡಿ ಗೀರುವವರಿದ್ದಾರೆ. ಆದ್ದರಿಂದ ಇನ್ನೊಮ್ಮೆ, ಬಿಡಿಸಿ ಹೇಳುತ್ತೇನೆ. ಸುಟ್ಟು ನೋಡಿದರೆ ತಿಳಿಯುವುದು ನೂಲು. ಮಗ್ಗವಲ್ಲ.

ಹತ್ತಿಯ ಎಳೆ ಸುಟ್ಟರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತನೆಯ ಬೂದಿ ಉಳಿಯುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ, ಹಿಸುಕಿದರೆ ಪುಡಿಯಾಗುವ ಕರಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ. ಇಷ್ಟು ನಿಜ, ಇಷ್ಟೇ ನಿಜ. ಕೈಮಗ್ಗದ ನೇಕಾರರು ಬಳಸುವ ಹತ್ತಿ ನೂಲು ಹೆಚ್ಚಾಗಿ ಗಿರಣಿಯಲ್ಲಿ ತೆಗೆದದ್ದು. ವಿದ್ಯುತ್ ಮಗ್ಗಕ್ಕೆ ಹೋಗುವುದೂ ಗಿರಣಿಯ ನೂಲೇ. ಎರಡನ್ನೂ ಸುಟ್ಟರೆ ಬೂದಿ ಒಂದೇ. ತಿಂದಾಗ ಜೋಳದ ರೊಟ್ಟಿಯೋ ಗೋಧಿಯದ್ದೋ ಎಂದು ನಾಲಿಗೆ ಹೇಳೀತು. ಅದರ ಹಿಟ್ಟಿನ ರುಚಿಯಿಂದ ಕೈಯಲ್ಲಿ ಬಡಿದದ್ದೋ ಯಂತ್ರ ಒತ್ತಿದ್ದೋ ಎಂದು ತೀರ್ಮಾನಿಸಲು ಬರುವುದಿಲ್ಲ.

ಈ ಪರೀಕ್ಷೆಯಿಂದ ಆಗುವ ಅನ್ಯಾಯ ಇನ್ನೂ ಒಂದಿದೆ. ಇಳಕಲ್ ಸೀರೆಯಲ್ಲಿ ಹತ್ತಿ, ರೇಷ್ಮೆಯ ಜೊತೆಗೆ ಆರ್ಟ್ ಸಿಲ್ಕ್, ಅಂದರೆ ರೇಯಾನ್‌ನಂತಹ ಕೃತಕ ರೇಷ್ಮೆ, ಬಳಸುವ ರೂಢಿ ಹಳೆಯದು. ಸೆರಗಿನಲ್ಲಿ ರೇಯಾನ್ ಎಳೆ ಇದ್ದರೆ ಅದು ಹತ್ತಿಯಂತೆಯೇ ಉರಿಯುತ್ತದೆ, ಏಕೆಂದರೆ ಅದನ್ನು ತಯಾರಿಸುವುದೂ ಮರದ ತಿರುಳಿನಂತಹ ಸಸ್ಯದ ನಾರಿನಿಂದಲೇ. ರೇಷ್ಮೆಯ ವಾಸನೆ ಬರಲಿಲ್ಲವೆಂದು ‘ಇದು ನಕಲಿ’ ಎಂದು ಎದ್ದು ಹೋಗುತ್ತೀರಿ. ಆ ಸೀರೆಯನ್ನು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯ್ದವರ ದುಡಿಮೆಗೆ ಬೆಲೆ ಸಿಗದೆ ಹೋಗುತ್ತದೆ. ಪಕ್ಕದಲ್ಲಿದ್ದ ವಿದ್ಯುತ್ ಮಗ್ಗದ ಅಪ್ಪಟ ಹತ್ತಿ ಸೀರೆ ನಿಮ್ಮ ಪರೀಕ್ಷೆಯಲ್ಲಿ ಪಾಸಾಗಿ ಕೈಮಗ್ಗದ ದರಕ್ಕೆ ಮಾರಾಟವಾಗುತ್ತದೆ. ‘ಇಳಕಲ್ಲಿನಿಂದಲೇ ತಂದದ್ದು’ ಎಂಬ ಮಾತೂ ಸಾಲದು. ಬಾಗಲಕೋಟೆ ಜಿಲ್ಲೆಯ ಆ ಊರಿನಲ್ಲಿ ವಿದ್ಯುತ್ ಮಗ್ಗಗಳೂ ಇವೆ.

ಹಾಗಾದರೆ ಏನು ನೋಡಬೇಕು? ಸೀರೆ ಬಿಚ್ಚಿಸಿ, ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಗೆರೆಯನ್ನು ಬೆಳಕಿಗೆ ಹಿಡಿಯಿರಿ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯ ಕೊಂಡಿಗೆ ಸೆರಗಿನ ಎಳೆಯ ಕೊಂಡಿಯನ್ನು ಸಿಕ್ಕಿಸುತ್ತಾರೆ, ಸೀರೆಯ ಅಗಲದುದ್ದಕ್ಕೂ, ಕೈಯಿಂದ. ಹೀಗಾಗಿ ಗೆರೆ ದಾಟಿದ ಮೇಲೆ ಒಡಲಿನ ನೀಲಿಯೋ ಹಸಿರೋ ಒಂದೆಳೆಯೂ ಮುಂದೆ ಹೋಗುವುದಿಲ್ಲ. ಹಾಸೂ ಕೆಂಪು, ಅಡ್ಡಕ್ಕೆ ನೇಯುವ ಹೊಕ್ಕೂ ಕೆಂಪು. ಅದಕ್ಕೇ ಆ ಸೆರಗಿಗೆ ಅಷ್ಟು ತುಂಬಿದ ಬಣ್ಣ. ನಕಲಿನಲ್ಲಿ ಒಡಲಿನ ಹಾಸೇ ಸೆರಗಿನವರೆಗೆ ಓಡಿರುತ್ತದೆ, ಕೆಂಪು ಮಬ್ಬಾಗಿರುತ್ತದೆ; ಇಲ್ಲವೇ ಬೇರೆ ಸೆರಗು ತಂದು ಹೊಲಿಗೆ ಹಾಕಿರುತ್ತಾರೆ. ಕೊಂಡಿಯ ಸಾಲು ಹೊಲಿಗೆಯಲ್ಲ, ಸೂಜಿಯ ದಾರ ಅಲ್ಲಿ ಕಾಣಿಸುವುದೇ ಇಲ್ಲ.

ಈ ಕೊಂಡಿಯ ಕಾರಣದಿಂದಲೇ ನೇಕಾರರು ಆರು, ಎಂಟು, ಒಂಬತ್ತು ಗಜ ಎಂದು ಒಂದು ಸೀರೆಗೆ ಬೇಕಾದಷ್ಟೇ ಹಾಸು ಹೂಡುತ್ತಾರೆ. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ. ಬೆಲೆ ಯಾಕೆ ಹೆಚ್ಚು ಎಂದು ಕೇಳುವವರಿಗೂ ಇದೇ ಉತ್ತರ.

ಆಮೇಲೆ ದಡಿ ನೋಡಿ. ದಡಿಯ ವಿನ್ಯಾಸ ಗೋಮಿ ಇರಲಿ, ಗಾಡಿ ಇರಲಿ, ಎರಡು ದಡಿಗೆ ಎರಡು, ಒಡಲಿಗೆ ಒಂದು ಎಂದು ಹೊಕ್ಕಿನ ನೂಲು ಒಯ್ಯುವ ಮೂರು ಲಾಳಿ ಆಡಿಸಿ ನೇಯ್ದಿದ್ದರೆ ದಡಿಯ ಬಣ್ಣ ಒಡಲಿನ ಬಣ್ಣದೊಂದಿಗೆ ಬೆರೆಯುವುದಿಲ್ಲ. ಕೊನೆಗೆ ಚೀಟಿ: ಕೈಮಗ್ಗದ ಬಟ್ಟೆಯ ಗುರುತಾಗಿ ಕೇಂದ್ರ ಸರ್ಕಾರ 2006ರಲ್ಲಿ ತಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕಷ್ಟೇ ಮೀಸಲಿಡುವ 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ ಪಟ್ಟಿಯಲ್ಲಿ ಸೀರೆಯೂ ಇದೆ. ಆ ಕಾಯ್ದೆಗೆ ಬಲ ಬರುವುದು ಕೊಳ್ಳುವವರು ಕೇಳಿದಾಗ. ಜೇಡರ ದಾಸಿಮಯ್ಯನ ಮುದನೂರು ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯಲ್ಲಿದೆ. ನೇಕಾರ ವಚನಕಾರನನ್ನು ಕಂಡ ಈ ಸೀಮೆಯವರಿಗೆ ಕೈಮಗ್ಗದ ಸೀರೆಯ ಗುರುತು ಗೊತ್ತಿರಬೇಕೆಂಬುದು ನನ್ನ ಹಟ.

ಇನ್ನು ಯಾರೂ ನೇರವಾಗಿ ಕೇಳದಿದ್ದರೂ ಟೈಲರ್ ಅಂಗಡಿಗಳಲ್ಲಿ ದಿನವೂ ನಡೆಯುತ್ತಿರುವುದರ ಬಗ್ಗೆ ಒಂದು ಮಾತು. ಅಜ್ಜಿಯ ಒಂಬತ್ತು ಗಜದ ಇಳಕಲ್ ಕತ್ತರಿಸಿ ಕುರ್ತಾ, ಲಂಗ ಹೊಲಿಸುವುದು ಈಗ ಕಾಲೇಜು ಹುಡುಗಿಯರ ಫ್ಯಾಷನ್. ನನ್ನ ತಕರಾರಿಲ್ಲ. ಪೆಟ್ಟಿಗೆಯಲ್ಲಿ ಮಡಿಕೆ ಮಡಿಕೆಯಾಗಿ ಹರಿಯುವುದಕ್ಕಿಂತ ಮೈಮೇಲೆ ಇರುವುದು ಲೇಸು, ಅದರಲ್ಲೂ ನಮ್ಮ ಬೇಸಿಗೆಗೆ ಹತ್ತಿಯ ಒಡಲಿಗಿಂತ ಹಿತವಾದ ಬಟ್ಟೆ ಇಲ್ಲ. ಆದರೆ ಕೊಂಡಿಯ ಗೆರೆಯ ಮೇಲೆ ಕತ್ತರಿ ಆಡಿಸಬೇಡಿ, ಎಳೆಗಳು ಬಿಚ್ಚಿಕೊಳ್ಳುತ್ತವೆ. ಗೆರೆಯಿಂದ ಒಂದು ಗೇಣು ಈಚೆಗೆ, ಒಡಲಿನಲ್ಲಿ ಕತ್ತರಿಸಿ ಸೆರಗನ್ನು ಇಡಿಯಾಗಿ ಉಳಿಸಿಕೊಂಡರೆ ಅದೇ ದುಪಟ್ಟಾ ಆಗುತ್ತದೆ. ಕುಪ್ಪಸಕ್ಕೆ ಸೀರೆಯನ್ನು ಮುಟ್ಟಲೇಬೇಡಿ, ಗುಳೇದಗುಡ್ಡದ ಖಣ ಇರುವುದೇ ಅದಕ್ಕೆ. ಬೆಳಕಿಗೆ ಹಿಡಿದಾಗ ಒಡಲು ಅಲ್ಲಲ್ಲಿ ಜಾಳಾಗಿ ಕಂಡರೆ ಟೈಲರ್‌ಗೆ ಕೊಡಬೇಡಿ, ಮೊದಲ ತೊಳೆತಕ್ಕೇ ಹೊಲಿಗೆಯ ಬದಿಯಲ್ಲಿ ಹರಿಯುತ್ತದೆ. ಅಂಥದ್ದನ್ನು ಕೌದಿ ಹೊಲಿಯುವವರಿಗೆ ಕೊಡಿ, ಕೆಂಪು ಸೆರಗು ಮೇಲೆ ಬರುವಂತೆ ಹಾಕಿರೆಂದು ಹೇಳಿ.