ರಿಪೋರ್ಟ್ ಚೆನ್ನಾಗಿದೆ, ಆದರೂ ಅಮ್ಮನಿಗೆ ಭಯ ಯಾಕೆ?

ಪ್ರಶ್ನೆ: ಅಮ್ಮನ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದು ವರ್ಷವಾಯಿತು. ರಿಪೋರ್ಟ್ ಎಲ್ಲ ಚೆನ್ನಾಗಿದೆ. ಆದರೂ ಸಣ್ಣ ಬೆನ್ನುನೋವಿಗೂ ಹೆದರುತ್ತಾರೆ, ನಾನು ಫೋನ್ ಎತ್ತದಿದ್ದರೆ ಅಳುತ್ತಾರೆ. ಅವರ ಜೊತೆಗೇ ಕೀಮೋ ತಗೊಂಡ ಇನ್ನೊಬ್ಬರು ಆರಾಮಾಗಿದ್ದಾರೆ. ಯಾಕೆ ಹೀಗೆ?

ಉತ್ತರ: ಚಿಕಿತ್ಸೆ ಮುಗಿದ ಮೇಲೆ ಭಯ ಜಾಸ್ತಿಯಾಗುವುದು ಹೊಸದೇನಲ್ಲ. ಕೀಮೋ ನಡೆಯುವಾಗ ಸುತ್ತಮುತ್ತ ಡಾಕ್ಟರು, ನರ್ಸು ಇರುತ್ತಾರೆ. ಆಮೇಲೆ ಉಳಿಯುವುದು ಆಗೊಮ್ಮೆ ಈಗೊಮ್ಮೆ ಚೆಕಪ್, ಮತ್ತು ಹಲವರಿಗೆ ಕ್ಯಾನ್ಸರ್ ಮರಳದಿರಲಿ ಎಂದು ಕೊಡುವ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆ. ಅದನ್ನು 5ರಿಂದ 10 ವರ್ಷ ನುಂಗಬೇಕು. ಕಾಯಿಲೆ ಮರೆಯುವುದಾದರೂ ಹೇಗೆ?

ಇಬ್ಬರೂ ಒಂದೇ ಥರ ಇಲ್ಲದಿರುವುದಕ್ಕೆ ಕಾರಣ ಹಲವು: ವಯಸ್ಸು, ಕಾಯಿಲೆಯ ಹಂತ, ದುಡ್ಡು. ಕಷ್ಟದಲ್ಲಿ ಹತ್ತಿರದವರನ್ನು ನೆಚ್ಚಿಕೊಳ್ಳುವ ರೀತಿಯೂ ಒಂದು. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಇದನ್ನು ಅಟ್ಯಾಚ್‌ಮೆಂಟ್ ಎಂದರು. ಅಮ್ಮ ಕೋಣೆಯಿಂದ ಹೊರಗೆ ಹೋಗಿ ಬಂದರೆ ವರ್ಷದ ಕೂಸುಗಳು ಏನು ಮಾಡುತ್ತವೆ ಎಂದು ಮನೋವಿಜ್ಞಾನಿ ಮೇರಿ ಏನ್ಸ್‌ವರ್ತ್ ಗಮನಿಸಿದರು. ಹೆಚ್ಚಿನವು ಅಮ್ಮ ಬಂದೊಡನೆ ಸಮಾಧಾನವಾದವು. ಕೆಲವು ಎತ್ತಿಕೊಂಡರೂ ಅಳು ನಿಲ್ಲಿಸಲಿಲ್ಲ. ಇನ್ನು ಕೆಲವು ತಿರುಗಿಯೂ ನೋಡಲಿಲ್ಲ. ಆದರೆ ಇಂಥ 'ಆರಾಮಿನ' ಕೂಸುಗಳ ಎದೆಬಡಿತವನ್ನು ಮುಂದೆ ಬೇರೆ ಸಂಶೋಧಕರು ಅಳೆದಾಗ ಅದೂ ಏರಿತ್ತು!

ದೊಡ್ಡವರಲ್ಲೂ ಇದರ ಛಾಯೆ ಇರುತ್ತದೆ. ಕೈಬಿಟ್ಟುಹೋಗುತ್ತಾರೇನೋ ಎಂಬ ಆತಂಕ ಇರುವವರಿಗೆ ಕ್ಯಾನ್ಸರ್ ನಂತರ ಕಳವಳ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ. ಯಾರನ್ನೂ ನೆಚ್ಚದವರು ನೆರವೂ ಕೇಳುವುದಿಲ್ಲ, ತೊಂದರೆಯನ್ನೂ ಹೇಳುವುದಿಲ್ಲ. ಹಾಗಾಗಿ ಆ ಇನ್ನೊಬ್ಬರನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಅವರು ನಿಜವಾಗಿಯೂ ಆರಾಮಿರಬಹುದು. ಮೈ ಬಿಸಿಯೇರುತ್ತದೆ ಅಂತ ಮಾತ್ರೆ ಬಿಟ್ಟು, ಯಾರಿಗೂ ಹೇಳದೆ ಇರಲೂಬಹುದು. ನನ್ನ ಕೇಳಿದರೆ, ಅಳುವವರಿಗಿಂತ ಇವರನ್ನೇ ಎರಡು ಸಲ ವಿಚಾರಿಸಬೇಕು.

ಹಾಗಂತ ಅಮ್ಮನಿಗೆ ನೆಟ್‌ನಲ್ಲಿ ಅಟ್ಯಾಚ್‌ಮೆಂಟ್ ಟೆಸ್ಟ್ ಮಾಡಿ ಹೆಸರು ಹಚ್ಚಬೇಡಿ. ನೆಚ್ಚಿಕೊಳ್ಳುವ ಈ ರೀತಿ ಹಣೆಬರಹವಲ್ಲ, ನಂಬಿಕೆಯ ಸಂಬಂಧ ಸಿಕ್ಕರೆ ಬದಲಾಗಬಹುದು. 'ಸುಮ್ನೆ ಯೋಚನೆ ಮಾಡ್ಬೇಡಿ' ಎನ್ನುವುದರಿಂದ ಭಯ ಇಳಿಯದು. ರಾತ್ರಿ 8ಕ್ಕೆ ಫೋನ್ ಮಾಡ್ತೀನಿ ಎಂದು ಹೇಳಿ, ತಪ್ಪದೆ ಮಾಡಿ. ಹೊತ್ತು ಗೊತ್ತಿದ್ದರೆ ಕಾಯುವುದು ಸುಲಭ, ಅಲ್ವಾ?

ಬೆನ್ನುನೋವನ್ನು ಮಾತ್ರ ಮನಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಹೊಸ ನೋವು ವಾರಗಟ್ಟಲೆ ಉಳಿದರೆ ಕ್ಯಾನ್ಸರ್ ಡಾಕ್ಟರಿಗೇ ತೋರಿಸಿ. ನಿದ್ದೆ, ಊಟ ಕೆಟ್ಟಿದ್ದರೆ ಅದನ್ನೂ ಅಲ್ಲೇ ಹೇಳಿ. ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.