ಸಾಮಾಜಿಕ ಆತಂಕ: ಪದದ ಅರ್ಥ, ಪರೀಕ್ಷೆಯ ಬಗೆ, ಮಾತ್ರೆಯ ಲೆಕ್ಕ

ಶಿರಸಿಯ ನಮ್ಮ ಔಷಧಿ ಅಂಗಡಿಗೆ ತಿಂಗಳಿಗೊಮ್ಮೆ ಒಬ್ಬ ಯುವಕ ಬರುತ್ತಿದ್ದ. ಅಂಗಡಿಯಲ್ಲಿ ಜನರಿದ್ದರೆ ರಸ್ತೆಯ ಆಚೆ ಬದಿ ಸ್ಕೂಟರಿಗೆ ಒರಗಿ ಮೊಬೈಲ್ ನೋಡುತ್ತ ನಿಲ್ಲುತ್ತಿದ್ದ. ಕೊನೆಯ ಗಿರಾಕಿ ಮೆಟ್ಟಿಲಿಳಿದ ಮೇಲೆ ಬಂದು, ತಾಯಿಯ ಬಿಪಿ ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಬರೆದಿಟ್ಟದ್ದನ್ನು ತೋರಿಸುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ. ನೋಟು ಎಣಿಸುವಾಗ ಬೆರಳು ನಡುಗುತ್ತಿತ್ತು. ಒಮ್ಮೆ ಚಿಲ್ಲರೆ ನೂರು ರೂಪಾಯಿ ಕಡಿಮೆ ಕೊಟ್ಟಿದ್ದೆ. ಅವನು ಅದನ್ನು ಎಣಿಸಿ ನೋಡಿಯೂ ಕೇಳದೆ ಹೊರಟುಹೋದ. ಸಂಜೆ ಲೆಕ್ಕ ಹಾಕುವಾಗ ನನಗೆ ಗೊತ್ತಾಯಿತು.

ಅವನ ತಂದೆಯನ್ನು ಕೇಳಿದಾಗ, "ನಮ್ಮ ಮಾಣಿಗೆ ಸಂಕೋಚ ಸ್ವಲ್ಪ ಜಾಸ್ತಿ, ಅಷ್ಟೇ" ಎಂದರು. ಮೌಖಿಕ ಪರೀಕ್ಷೆಗೆ ಹೆದರಿ ಡಿಗ್ರಿ ಅರ್ಧಕ್ಕೆ ಬಿಟ್ಟು ಅವನು ಮನೆಯಲ್ಲಿ ಕುಳಿತು ಆಗಲೇ ಎರಡು ವರ್ಷವಾಗಿತ್ತು. "ಅಷ್ಟೇ" ಎಂಬ ಆ ಒಂದು ಮಾತಿನ ಅಡಿಯಲ್ಲಿ ನಮ್ಮ ಊರುಗಳಲ್ಲಿ ಎಷ್ಟು ಜನರ ವಯಸ್ಸು ಕಳೆದುಹೋಗಿದೆಯೋ ಎಂದು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. (ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಕನ್ನಡದಲ್ಲಿ ಈ ಭಾವದ ಸುತ್ತ ಪದಗಳಿಗೆ ಬರವಿಲ್ಲ. ನಾಚಿಕೆ, ಸಂಕೋಚ, ಮುಜುಗರ, ಅಳುಕು, ಹಿಂಜರಿಕೆ, ದಾಕ್ಷಿಣ್ಯ. ಇವೆಲ್ಲ ಒಂದೇ ಅಲ್ಲ. ನಾಚಿಕೆ ಸ್ವಲ್ಪ ಹೊತ್ತಿಗೆ ಕರಗುತ್ತದೆ. ದಾಕ್ಷಿಣ್ಯದಲ್ಲಿ ಭಯಕ್ಕಿಂತ ಎದುರಿನವರ ಮೇಲಿನ ಗೌರವವೇ ಹೆಚ್ಚು. ಇವು ಯಾವುವೂ ಕಾಯಿಲೆಯಲ್ಲ, ಕಾಯಿಲೆ ಎಂದು ಕರೆಯಲೂ ಬಾರದು. ಸಭಾಕಂಪ ಎಂಬ ಸೊಗಸಾದ ಪದವೂ ನಮ್ಮಲ್ಲಿದೆ. ಇಲ್ಲಿ ಕಂಪ ಎಂದರೆ ನಡುಕ, ಹೂವಿನ ಕಂಪಿಗೂ ಇದಕ್ಕೂ ಸಂಬಂಧವಿಲ್ಲ. ಮೊದಲ ಬಾರಿ ರಂಗಸ್ಥಳಕ್ಕೆ ಹೊರಟ ಹುಡುಗನ ಗಂಟಲು ಒಣಗುವುದು, ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿಯ ಪ್ರಶ್ನೆಗೆ ಮಾತು ತಡವರಿಸುವುದು ಸಭಾಕಂಪ.

ಸಾಮಾಜಿಕ ಆತಂಕ ಎಂಬುದು ಇಂಗ್ಲಿಷಿನ ಸೋಶಿಯಲ್ ಆಂಗ್ಸೈಟಿ ಎಂಬುದಕ್ಕೆ ಇತ್ತೀಚೆಗೆ ಕಟ್ಟಿದ ಜೋಡಿಪದ. ಮೊದಲ ಓದಿಗೆ ಅದು ದಾರಿ ತಪ್ಪಿಸುವುದೂ ಉಂಟು. ಸಾಮಾಜಿಕ ನ್ಯಾಯ, ಸಾಮಾಜಿಕ ಕಳಕಳಿ ಎಂದು ಓದಿ ಅಭ್ಯಾಸವಾದವರಿಗೆ ಇದು ಸಮಾಜದ ಬಗೆಗಿನ ಚಿಂತೆ ಎನಿಸೀತು. ಹಾಗಲ್ಲ. ನಾಲ್ಕು ಜನ ನನ್ನನ್ನು ನೋಡುತ್ತಿದ್ದಾರೆ, ತೂಗುತ್ತಿದ್ದಾರೆ, ನಾನು ಪೆಚ್ಚಾಗುತ್ತೇನೆ ಎಂಬ ಭಯ ಇದು. "ನಾಲ್ಕು ಜನ ಏನೆಂದಾರು" ಎಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ಈ ತೊಂದರೆ ಇರುವವರಿಗೆ ಆ ನಾಲ್ಕು ಜನ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಸೊಸೈಟಿಯ ಸಹಿ ಪುಸ್ತಕದ ಎದುರಿನಲ್ಲಿ, ಎಲ್ಲೆಲ್ಲೂ ಇರುತ್ತಾರೆ.

ಎರಡನೆಯ ಪದ ಮಾತ್ರ ತುಂಬ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಚರಕಸಂಹಿತೆ ರೋಗಕ್ಕೆ ಕೊಡುವ ಪರ್ಯಾಯ ಪದಗಳಲ್ಲಿ ಆತಂಕವೂ ಒಂದು. ಕನ್ನಡದಲ್ಲಿ ಅದಕ್ಕೆ ತಡೆ ಎಂಬ ಅರ್ಥವೂ ಇದೆ. ಮದುವೆ ಅಡ್ಡಿ ಆತಂಕವಿಲ್ಲದೆ ನಡೆಯಿತು ಎನ್ನುತ್ತೇವಲ್ಲ, ಆ ಆತಂಕ. ವೈದ್ಯರು ಸ್ವಭಾವಕ್ಕೂ ಕಾಯಿಲೆಗೂ ನಡುವೆ ಗೆರೆ ಎಳೆಯುವುದು ಸರಿಯಾಗಿ ಇದೇ ಅರ್ಥದ ಮೇಲೆ. ಭಯ ಇದೆಯೇ ಎಂದಷ್ಟೇ ಅಲ್ಲ, ಅದು ಬದುಕಿಗೆ ಅಡ್ಡ ಬಂದಿದೆಯೇ ಎಂದು ಅವರು ನೋಡುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ, ಅಂತಹ ಸಂದರ್ಭ ಬಂದಾಗಲೆಲ್ಲ, ಇರುವ ಅಪಾಯಕ್ಕೆ ಮೀರಿದ ಭಯ ಹುಟ್ಟಿ, ಓದು, ಕೆಲಸ, ನಂಟು ಇವುಗಳಲ್ಲಿ ಯಾವುದಾದರೂ ಕೆಟ್ಟಿದ್ದರೆ ಅದು ಕಾಯಿಲೆ.

ಫ್ರಾನ್ಸಿನ ವೈದ್ಯ ಪಿಯರ್ ಜಾನೆ 1903ರಲ್ಲೇ ಇಂತಹ ಭಯವನ್ನು ಗುರುತಿಸಿದ್ದರು. 1960ರ ದಶಕದಲ್ಲಿ ಐಸಾಕ್ ಮಾರ್ಕ್ಸ್ ಇದನ್ನು ಬೇರೆ ಭೀತಿಗಳಿಂದ ಬೇರ್ಪಡಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಇದು "ಸಾಮಾಜಿಕ ಭೀತಿ" ಎಂದು ಸೇರಿತು. 2013ರ ಆವೃತ್ತಿಯಲ್ಲಿ "ಸಾಮಾಜಿಕ ಆತಂಕದ ಕಾಯಿಲೆ" ಎಂಬುದೇ ಮುಖ್ಯ ಹೆಸರಾಯಿತು. ಅದೇ ಕೈಪಿಡಿ ಹೇಳುವಂತೆ, ಅಮೆರಿಕದಲ್ಲಿ ಇದು ಬಂದವರಲ್ಲಿ ನೂರಕ್ಕೆ 75 ಮಂದಿಗೆ 8ರಿಂದ 15 ವರ್ಷದೊಳಗೇ ಶುರುವಾಗಿರುತ್ತದೆ. ಹೈಸ್ಕೂಲಿನ ಹಿಂದಿನ ಬೆಂಚಿನಲ್ಲಿ, ಉತ್ತರ ಗೊತ್ತಿದ್ದೂ ಕೈ ಎತ್ತದ ಮಗುವಿನ ವಯಸ್ಸು ಅದು. ಚಿಕಿತ್ಸೆಗೆ ಬರುವುದು ಹದಿನೈದು, ಇಪ್ಪತ್ತು ವರ್ಷಗಳ ಮೇಲೆ.

ನಡುಕದ ಮಾತು ಬಂತು. ನಮ್ಮ ಕಡೆಯ ಮದುವೆ, ಉಪನಯನಗಳಲ್ಲಿ ಬಡಿಸುವುದು ಮನೆಯ ಮತ್ತು ನೆರೆಹೊರೆಯ ಹುಡುಗರ ಕೆಲಸ. ನನಗೆ ಪರಿಚಯದ ಒಬ್ಬರು, ಈಗ ಅವರಿಗೆ ನಲವತ್ತು ದಾಟಿದೆ, ಹದಿನಾರನೆಯ ವಯಸ್ಸಿನಲ್ಲಿ ಅಪ್ಪೆಹುಳಿ ಬಡಿಸಲು ಹೋಗಿ ಸೌಟು ನಡುಗಿ ಒಬ್ಬ ಹಿರಿಯರ ಪಂಚೆಯ ಮೇಲೆ ಚೆಲ್ಲಿದರು. ಪಂಕ್ತಿಯವರು ನಕ್ಕರು, ಹಿರಿಯರೂ ನಕ್ಕು ಸುಮ್ಮನಾದರು. ಎಲ್ಲರೂ ಅದನ್ನು ಅಂದೇ ಮರೆತರು. ಇವರು ಮಾತ್ರ ಆಮೇಲೆ ಇಪ್ಪತ್ತೈದು ವರ್ಷ ಯಾವ ಪಂಕ್ತಿಯಲ್ಲಿಯೂ ಬಡಿಸಲಿಲ್ಲ, ಕುಳಿತು ಉಣ್ಣಲೂ ಇಲ್ಲ. ಅಕ್ಷತೆ ಹಾಕಿ, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಮನೆಗೆ ಹೊರಡುತ್ತಿದ್ದರು. ಊರಿನವರ ಕಣ್ಣಿಗೆ ಇದು ಜಂಬವಾಗಿ ಕಂಡಿತು.

ಇನ್ನು "ಮನೋವೈದ್ಯಕೀಯ ಮೌಲ್ಯಮಾಪನ", ಅಂದರೆ ಇಂಗ್ಲಿಷಿನಲ್ಲಿ ಸೈಕಿಯಾಟ್ರಿಕ್ ಇವ್ಯಾಲ್ಯುಯೇಶನ್ ಎನ್ನುವ, ಮನೋವೈದ್ಯರ ಮೊದಲ ತಪಾಸಣೆ. ಈ ಅನುವಾದದ ಮೇಲೆ ನನಗೆ ತಕರಾರಿದೆ. ಮೌಲ್ಯಮಾಪನ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆ, ಕೆಂಪು ಶಾಯಿ, ಅಂಕ. ಯಾರಾದರೂ ತನ್ನನ್ನು ಅಳೆದಾರು ಎಂಬುದೇ ಯಾರ ಕಾಯಿಲೆಯೋ ಅವರನ್ನು ಮೌಲ್ಯಮಾಪನಕ್ಕೆ ಬನ್ನಿ ಎಂದು ಕರೆದರೆ ಅವರು ಬರುವುದು ಹೇಗೆ? ಅಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ. ವೈದ್ಯರು ಕೂತು ವಿಚಾರಿಸುತ್ತಾರೆ, ಅಷ್ಟೇ. ನೆಂಟರ ಮನೆಗೆ ಹೋಗಿ ಆರೋಗ್ಯ ವಿಚಾರಿಸಿಕೊಂಡು ಬಂದೆವು ಎನ್ನುವಾಗಿನ ವಿಚಾರಿಸುವಿಕೆ, ಆದರೆ ಕ್ರಮವಾಗಿ, ಆಳವಾಗಿ.

ಏನು ವಿಚಾರಿಸುತ್ತಾರೆ? ಯಾವಾಗ ಶುರುವಾಯಿತು, ಯಾವ ಯಾವ ಸಂದರ್ಭಗಳಲ್ಲಿ ಬರುತ್ತದೆ, ಆಗ ಮೈಯಲ್ಲಿ ಏನಾಗುತ್ತದೆ, ಏನನ್ನೆಲ್ಲ ತಪ್ಪಿಸಿಕೊಂಡಿದ್ದೀರಿ. ನಿದ್ದೆ, ಹಸಿವು, ಮನೆಯವರಲ್ಲಿ ಯಾರಿಗಾದರೂ ಹೀಗಿತ್ತೇ. ಮದ್ಯದ ಬಗ್ಗೆ ತಪ್ಪದೆ ಕೇಳುತ್ತಾರೆ, ಏಕೆಂದರೆ ಜನರೆದುರು ಧೈರ್ಯಕ್ಕೆಂದು ಶುರು ಮಾಡಿದ ಗುಟುಕು ಚಟವಾದವರು ಕಡಿಮೆಯಿಲ್ಲ. ಬದುಕು ಸಾಕೆನಿಸಿದೆಯೇ ಎಂದೂ ಕೇಳುತ್ತಾರೆ. ಅದನ್ನು ಕೇಳಿದ್ದರಿಂದ ಅಂತಹ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಎದೆಬಡಿತ, ಬೆವರು, ಕೈನಡುಕಗಳಿಗೆ ಥೈರಾಯಿಡ್ ಹೆಚ್ಚಾದದ್ದೂ ಕಾರಣವಾಗಬಲ್ಲದು. ಅಂತಹ ಸಂಶಯವಿದ್ದರೆ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಖಿನ್ನತೆ ಜೊತೆಗಿದೆಯೇ, ಕಾರಣವೇ ಇಲ್ಲದೆ ಥಟ್ಟನೆ ಬರುವ ಗಾಬರಿಯ ದಾಳಿಯೇ, ಉಗ್ಗಿನಿಂದ ಬಂದ ಹಿಂಜರಿಕೆಯೇ ಎಂದು ಬೇರ್ಪಡಿಸಿ ನೋಡುತ್ತಾರೆ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನಿಸುವಷ್ಟು ಅತಿ ಉತ್ಸಾಹದ ದಿನಗಳು ಬಂದಿದ್ದವೇ ಎಂಬ ಪ್ರಶ್ನೆ ಅಸಂಬದ್ಧವೆನಿಸಬಹುದು, ಆದರೆ ಮುಂದೆ ಕೊಡುವ ಮಾತ್ರೆಯ ಆಯ್ಕೆ ಅದರ ಮೇಲೆಯೂ ನಿಂತಿದೆ.

ಕೆಲವರು ಅಳತೆಪಟ್ಟಿಯನ್ನೂ ಬಳಸುತ್ತಾರೆ. ಲೀಬೋವಿಟ್ಜ್ ಎಂಬ ಮನೋವೈದ್ಯರು 1987ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 24 ಸಂದರ್ಭಗಳಿವೆ. ಜನರೆದುರು ಉಣ್ಣುವುದು, ಯಾರೋ ನೋಡುತ್ತಿರುವಾಗ ಬರೆಯುವುದು, ಕೊಂಡ ವಸ್ತುವನ್ನು ಅಂಗಡಿಗೆ ಮರಳಿಸುವುದು, ಹೀಗೆ. ಪ್ರತಿಯೊಂದಕ್ಕೂ ಎಷ್ಟು ಭಯ, ಎಷ್ಟು ತಪ್ಪಿಸಿಕೊಳ್ಳುತ್ತೀರಿ ಎಂದು 0ಯಿಂದ 3ರವರೆಗೆ ಗುರುತು ಹಾಕಬೇಕು, ಗರಿಷ್ಠ 144. ಈ ಅಂಕ ಹೋಲಿಸುವುದು ನಿಮ್ಮನ್ನು ಇನ್ನೊಬ್ಬರೊಂದಿಗಲ್ಲ, ಮೂರು ತಿಂಗಳ ಹಿಂದಿನ ನಿಮ್ಮೊಂದಿಗೆ.

ಈಗ ಮಾತ್ರೆ. ಹೆಚ್ಚಾಗಿ ಬರೆಯುವುದು ಮಿದುಳಿನ ಸೆರಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಸರ್ಟ್ರಾಲಿನ್, ಎಸಿಟಲೊಪ್ರಾಮ್, ಪ್ಯಾರಾಕ್ಸೆಟಿನ್. ಅಮೆರಿಕದಲ್ಲಿ ಈ ಕಾಯಿಲೆಗೆಂದೇ ಮೊದಲು ಒಪ್ಪಿಗೆ ಪಡೆದದ್ದು ಪ್ಯಾರಾಕ್ಸೆಟಿನ್, 1999ರಲ್ಲಿ. ಇವನ್ನು ಖಿನ್ನತೆಗೂ ಕೊಡುವುದರಿಂದ, ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ "ನನಗೆ ಖಿನ್ನತೆ ಇಲ್ಲವಲ್ಲ, ವೈದ್ಯರು ತಪ್ಪು ಕೊಟ್ಟಿದ್ದಾರೆ" ಎಂದು ನಮ್ಮ ಅಂಗಡಿಗೇ ಮರಳಿ ಬಂದವರಿದ್ದಾರೆ. ತಪ್ಪಲ್ಲ. ಸಣ್ಣ ಪ್ರಮಾಣದಿಂದ, ಸರ್ಟ್ರಾಲಿನ್ ಆದರೆ 25 ಅಥವಾ 50 ಮಿಲಿಗ್ರಾಮಿನಿಂದ, ಶುರು ಮಾಡಿ ವೈದ್ಯರು ನೋಡಿಕೊಂಡು ಏರಿಸುತ್ತಾರೆ.

ಮಾತ್ರೆ ಶುರು ಮಾಡಿ, ಗಮನಿಸುತ್ತ, ಏರಿಸಿ ಇಳಿಸುವ ಈ ಕ್ರಮಕ್ಕೆ "ಔಷಧ ನಿರ್ವಹಣೆ" ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಆ ಜೋಡಿಯ ಎರಡನೆಯ ಪದದಲ್ಲಿ. ಅಡಿಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದರೆ ಕೆಲಸ ಮುಗಿಯಲಿಲ್ಲ. ಮಳೆಯ ಜೋರು ನೋಡಿಕೊಂಡು ಸುಮಾರು 40, 45 ದಿನಕ್ಕೆ ಇನ್ನೊಮ್ಮೆ ಮರ ಏರಿ ಸಿಂಪಡಿಸಬೇಕು. ಈ ಮಾತ್ರೆಗಳಿಗೂ ಅವುಗಳದೇ ಕಾಲಮಾನವಿದೆ. ಮೊದಲ ಒಂದೆರಡು ವಾರ ಗುಣ ಕಾಣುವುದಿಲ್ಲ, ಉಪದ್ರವ ಮಾತ್ರ ಕಾಣುತ್ತದೆ: ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆ ಏರುಪೇರು, ಕೆಲವರಿಗೆ ಆತಂಕವೇ ಸ್ವಲ್ಪ ಹೆಚ್ಚುವುದು. ಗುಣ ತಿಳಿಯಲು ನಾಲ್ಕರಿಂದ ಆರು ವಾರ, ಪೂರ್ತಿ ಫಲಕ್ಕೆ ಹನ್ನೆರಡು ವಾರದವರೆಗೂ ಬೇಕು. ಹತ್ತು ದಿನದ ಮಾತ್ರೆ ಒಯ್ದು, ಹನ್ನೊಂದನೆಯ ದಿನ ಬಾರದವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಅವರು ಬಿಟ್ಟದ್ದು ಫಲ ಬರುವ ಹೊತ್ತಿಗೆ ಮೊದಲೇ.

ಇಪ್ಪತ್ತೈದು ವರ್ಷದೊಳಗಿನವರನ್ನು ಶುರುವಿನ ವಾರಗಳಲ್ಲಿ ಮನೆಯವರು ಹತ್ತಿರದಿಂದ ಗಮನಿಸಬೇಕು. ಕೆಲವರಲ್ಲಿ ತಳಮಳ, ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆ ಇದೆ. ಹಾಗೆ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು. ನೋವಿಗೆಂದು ಬೇರೆ ವೈದ್ಯರು ಟ್ರಮಡಾಲ್ ಬರೆಯುವ ಮುನ್ನ ಈ ಮಾತ್ರೆಯ ವಿಷಯ ಅವರಿಗೆ ಹೇಳಬೇಕು, ಎರಡೂ ಸೇರಿದರೆ ಅಪಾಯವಾಗಬಹುದು.

ಈ ಕಾಯಿಲೆಯ ಔಷಧ ನಿರ್ವಹಣೆ ಬೇರೆಲ್ಲಕ್ಕಿಂತ ಕಷ್ಟ. ಸಕ್ಕರೆ ಕಾಯಿಲೆಯವರು ಮಾತ್ರೆ ಒಗ್ಗದಿದ್ದರೆ ಬಂದು ಜಗಳವಾಡಿಯಾದರೂ ಹೇಳುತ್ತಾರೆ. ಇವರು ಹೇಳುವುದಿಲ್ಲ. ವೈದ್ಯರಿಗೆ ಫೋನ್ ಮಾಡುವುದು, ಕಾಯುವ ಕೋಣೆಯಲ್ಲಿ ಹೆಸರು ಕೂಗಿಸಿಕೊಳ್ಳುವುದು, ಇವೇ ಅವರಿಗೆ ಭಯದ ಸಂದರ್ಭಗಳು. ಹೇಗಿದ್ದೀರಿ ಎಂದರೆ "ಪರವಾಗಿಲ್ಲ" ಎನ್ನುತ್ತಾರೆ. ಲೈಂಗಿಕ ಆಸಕ್ತಿ ಕುಗ್ಗುವುದು ಈ ಮಾತ್ರೆಗಳಲ್ಲಿ ಸಾಮಾನ್ಯವಾದ ಅಡ್ಡಪರಿಣಾಮ. ಪ್ರಮಾಣ ಇಳಿಸಿ, ಮಾತ್ರೆ ಬದಲಿಸಿ ಸರಿಪಡಿಸಬಹುದಾದದ್ದು. ಅದನ್ನು ಹೇಳಲಾರದೆ ಔಷಧವನ್ನೇ ಬಿಟ್ಟ ದಂಪತಿಗಳಿದ್ದಾರೆ. ಆದ್ದರಿಂದ ಇಲ್ಲಿ ವೈದ್ಯರೇ, ಔಷಧಿ ಕೊಡುವ ನಾವೇ, ಮುಂದಾಗಿ ಕೇಳಬೇಕು.

ಗುಣವಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ತಲೆತಿರುಗು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂತಹ ಅನುಭವ ಬರಬಹುದು. ಇದು ಚಟವಲ್ಲ. ಚಟವಾಗುವ ಮಾತ್ರೆಗಳು ಬೇರೆ: ಆಲ್ಪ್ರಜೊಲಾಮ್‌ನಂಥವು. ಅರ್ಧ ಗಂಟೆಯಲ್ಲಿ ಹಾಯೆನಿಸುತ್ತವೆ, ಅದಕ್ಕೇ ಅಪಾಯ. 2014ರ ಮಾರ್ಚ್ 1ರಿಂದ ಆಲ್ಪ್ರಜೊಲಾಮ್ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. "ಪರಿಚಯದವರಲ್ಲವೇ, ಎರಡು ಕೊಡಿ" ಎಂದು ಕೇಳಬೇಡಿ. ವೇದಿಕೆಯ ಭಯ ಮಾತ್ರ ಇದ್ದವರಿಗೆ, ಭಾಷಣಕ್ಕೆ ಮುಕ್ಕಾಲು ಗಂಟೆ ಮೊದಲು, ಪ್ರೊಪ್ರನೊಲಾಲ್ ಎಂಬ ಮಾತ್ರೆ ಕೊಡುವುದುಂಟು. ಅದು ಎದೆಬಡಿತ, ನಡುಕವನ್ನು ತಗ್ಗಿಸುತ್ತದೆ. ದಮ್ಮು ಇರುವವರಿಗೆ ಅದು ಅಪಾಯಕಾರಿ, ಹಾಗಾಗಿ ಗೆಳೆಯನ ಚೀಟಿಯಲ್ಲಿ ಕೊಳ್ಳುವ ವಸ್ತುವಲ್ಲ.

ಮಾತ್ರೆಯೊಂದೇ ದಾರಿಯೂ ಅಲ್ಲ. ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ವಯಸ್ಕರಿಗೆ ಮೊದಲು ಸೂಚಿಸುವುದು ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆಯನ್ನು: ಭಯದ ಸಂದರ್ಭಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲಿನಂತೆ ಎದುರಿಸುವುದು. ನಮ್ಮ ತಾಲೂಕುಗಳಲ್ಲಿ ಅದು ಮಾತ್ರೆಯಷ್ಟು ಸುಲಭವಾಗಿ ಸಿಗುವುದಿಲ್ಲ ಎಂಬ ಬೇಸರ ನನಗಿದೆ.

ಎಲ್ಲಿಗೆ ಹೋಗುವುದು? "ಧಾರವಾಡಕ್ಕೆ ಕಳಿಸಬೇಕು" ಎಂಬ ಬೈಗುಳ ಕೇಳುತ್ತ ಬೆಳೆದವರು ನಾವು. ಆ ಬೈಗುಳದಲ್ಲಿರುವುದು ಅಲ್ಲಿನ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್. ಅದು ಒಳ್ಳೆಯ ಆಸರೆ, ಆದರೆ ಇದಕ್ಕಾಗಿ ಅಷ್ಟು ದೂರ ಹೋಗಲೇಬೇಕೆಂದಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಏರ್ಪಾಡಿದೆ. ಕರಾವಳಿಯವರಿಗೆ ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ. ನಿಮ್ಮ ವಿಷಯ ಗುಟ್ಟಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು.

ಮಾತನಾಡಲು ಆಗದಿದ್ದರೆ ಬರೆದುಕೊಂಡು ಹೋಗಿ. ಆ ಯುವಕ ಹಾಗೆಯೇ ಮಾಡಿದ್ದ. ನೋಟ್‌ಬುಕ್ಕಿನ ಎರಡು ಹಾಳೆ, ಎರಡೂ ಬದಿ ತುಂಬ ಬರೆದು ವೈದ್ಯರ ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಕುಳಿತನಂತೆ. ವೈದ್ಯರು ಪೂರ್ತಿ ಓದಿದರು, ಓದಿ ಮುಗಿಯುವವರೆಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈಗ ನಾಲ್ಕನೆಯ ತಿಂಗಳ ಚೀಟಿ ನಡೆಯುತ್ತಿದೆ. ಅವನು ಇನ್ನೂ ಸ್ಕೂಟರಿನ ಹತ್ತಿರ ನಿಲ್ಲುತ್ತಾನೆ, ಆದರೆ ಅಂಗಡಿಯಲ್ಲಿ ಒಬ್ಬಿಬ್ಬರಿದ್ದರೂ ಒಳಗೆ ಬರುತ್ತಾನೆ.